ಡಗ್ಗಾದ ಮೇಲೆ ಬೀಳಬೇಕಾಗಿದ್ದ ಏಟು

ಸವದತ್ತಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮೊನ್ನೆ ಒಬ್ಬ ಬಾಯಿ ಬಿಟ್ಟ. "ಆ ನಾಟಕದ ಇಂದ್ರವ್ವ ಇದ್ದಾಳಲ್ರಿ, ಸಿನಿಮಾದಾಗ ಒಂದ್ ಹುಡುಗಿ ಕಿವಿ ಒಡದ್ಲಂತ. ಹರೇದ ಹುಡುಗಿ ಮುಂದ ಬರಾಕತ್ತಿದ್ಲು, ಈಕಿಗೆ ಹೊಟ್ಟಿ ಉರೀತು. ಅಷ್ಟ."

ನಾನು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟೆ. "ನೀ ಅಲ್ಲಿದ್ದೇನೋ? ನಾ ಇದ್ದೆ. ಗೊತ್ತಿಲ್ಲಂದ್ರ ಬಾಯಿ ಮುಚ್ಚಿಕೊಂಡು ಚಾ ಕುಡಿ" ಎಂದೆ. ಅವನು ನನ್ನ ಬಿಳಿ ಗಡ್ಡ ನೋಡಿ ತನ್ನ ಕಪ್ಪಿಗೆ ಬಾಯಿ ಹಚ್ಚಿದ. ನನ್ನ ಸಿಟ್ಟು ಮಾತ್ರ ಬೈಲಹೊಂಗಲ ಮುಟ್ಟಿದರೂ ಇಳಿಯಲಿಲ್ಲ. ಮನೆಗೆ ಬಂದವನೇ ಮೊಮ್ಮಗಳು ಮಹೇಕ್‌ಳ ಹಳೆಯ ನೋಟಬುಕ್ಕು ಇಸಿದುಕೊಂಡು ಬರೆಯಲು ಕುಳಿತೆ.

ಇಂದ್ರವ್ವ ಆ ಹುಡುಗಿಗೆ ಹೊಡೆದದ್ದು ಖರೆ. ಕಿವಿ ಒಡೆದದ್ದೂ ಖರೆ. ಠಾಣೆಯ ಕಾಗದದಲ್ಲಿ ಮೊದಲ ಹೆಸರು ಆಕೆಯದೇ ಇರುವುದೂ ಖರೆ. ಆ ಹೆಸರು ಅಲ್ಲಿ ಹೇಗೆ ಮೊದಲಾಯಿತು ಎಂಬುದನ್ನು ಚಹಾದಂಗಡಿಯವರು ಹೇಳುವುದಿಲ್ಲ. ಅವರಿಗೆ ಬೇಕಾಗಿಯೂ ಇಲ್ಲ. ನಾನು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ಪಾಲೂ ಇದೆ.

ನನ್ನ ಹೆಸರು ಹಜರತಸಾಬ. ನಲವತ್ತು ವರ್ಷದಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿ ನಾಟಕಗಳಿಗೆ ತಬಲಾ ಬಾರಿಸುತ್ತಾ ಬಂದವನು. ನಮ್ಮ ಕಡೆ ಗಂಡಸರ ಪಾತ್ರಗಳನ್ನು ಊರವರೇ ಮಾಡುತ್ತಾರೆ. ಸೊಸೈಟಿಯ ಸೆಕ್ರೆಟರಿ ಜಮೀನ್ದಾರನಾಗುತ್ತಾನೆ, ಟ್ರ್ಯಾಕ್ಟರ್ ಓಡಿಸುವವನು ಇನ್‌ಸ್ಪೆಕ್ಟರ್ ಆಗುತ್ತಾನೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಊರಿನವರು ಮೂರು ತಿಂಗಳು ತಾಲೀಮು ಮಾಡಿದ್ದನ್ನು ಆಕೆ ಮಧ್ಯಾಹ್ನದ ಬಸ್ಸಿಗೆ ಇಳಿದು ಅವತ್ತೇ ಆಡಿ ತೋರಿಸಬೇಕು. ಯಾವ ನಾಟಕವಾದರೂ ಆಗಲಿ, ಹೆಂಡತಿಗೋ ತಂಗಿಗೋ ಸೊಸೆಗೋ ಕಪಾಳಕ್ಕೆ ಹೊಡೆಯುವ ಒಂದು ಸೀನು ಇದ್ದೇ ಇರುತ್ತದೆ. ಅದಿಲ್ಲದಿದ್ದರೆ ನಮ್ಮ ಜನ ಅದನ್ನು ನಾಟಕವೆಂದೇ ಒಪ್ಪುವುದಿಲ್ಲ, ಏನು ಮಾಡುತ್ತೀರಿ.

ಇಂದ್ರವ್ವ ಮೂವತ್ತು ವರ್ಷ ಆ ಏಟು ತಿಂದಳು. ಒಂದು ಬಿಟ್ಟರೆ ಯಾವುದೂ ಆಕೆಯ ಗಲ್ಲಕ್ಕೆ ತಾಗಲಿಲ್ಲ. ಉಳಿದವೆಲ್ಲ ಬಿದ್ದದ್ದು ನನ್ನ ಡಗ್ಗಾದ ಮೇಲೆ. ತಬಲಾ ಜೋಡಿಯಲ್ಲಿ ಎಡಗೈಗೆ ಬರುವ ದೊಡ್ಡದಿದೆಯಲ್ಲ, ಅದೇ ಡಗ್ಗಾ. ಅದರ ಮೇಲೆ ಅಂಗೈ ಚಪ್ಪಟೆ ಮಾಡಿ ಬಿಟ್ಟರೆ ಕೊನೆಯ ಸಾಲಿನಲ್ಲಿ ಕುಳಿತವನೂ ತನ್ನ ಗಲ್ಲ ಮುಟ್ಟಿಕೊಳ್ಳುತ್ತಾನೆ. ಹೊಡೆಯುವವನ ಕೈ ಬೀಸುವುದು, ಆಕೆಯ ಕತ್ತು ಹೊರಳುವುದು, ನನ್ನ ಅಂಗೈ ಬೀಳುವುದು, ಮೂರೂ ಒಂದೇ ಗಳಿಗೆಯಲ್ಲಿ ಆಗಬೇಕು. ನಮ್ಮಿಬ್ಬರಿಗೆ ಅದು ಎಷ್ಟು ಕೂಡಿಬಂದಿತ್ತೆಂದರೆ ನಾನು ಆಕೆಯ ಕಿವಿಯ ಜುಮಕಿ ನೋಡಿ ಬಾರಿಸುತ್ತಿದ್ದೆ.

ಇದಕ್ಕೆ ಆಕೆಯದೊಂದು ಕಟ್ಟಳೆಯಿತ್ತು. ಊರಿಗೆ ಬಂದವಳು ಚಹಾ ಕುಡಿಯುವ ಮೊದಲೇ, "ನನ್ನ ಹೊಡಿಯಾಂವ ಯಾರಪಾ? ಕರೀರಿ ಅಂವನ್ನ" ಎನ್ನುತ್ತಿದ್ದಳು. ಅವನು ನಾಚಿಕೊಂಡು ಬಂದು ನಿಲ್ಲುತ್ತಿದ್ದ. ಅವನ ಕೈಯನ್ನು ತಾನೇ ಹಿಡಿದು, ಗಲ್ಲದಿಂದ ಒಂದು ಗೇಣು ದೂರದಲ್ಲಿ ಬೀಸಿಸುತ್ತಿದ್ದಳು. "ಕೈ ಗಾಳ್ಯಾಗ ಇರಲಿ. ಸಿಟ್ಟು ಮಾರಿಮ್ಯಾಲ ಇರಲಿ. ಸಪ್ಪಳ ನಮ್ಮ ಸಾಬಣ್ಣಗ ಬಿಡು. ತಿಳೀತಿಲ್ಲೋ?" ಹತ್ತು ಸಲ ಬೀಸಿಸಿ, ತಾನು ಒಪ್ಪಿದ ಮೇಲೆಯೇ ಚಹಾ. ಆಟ ಮುಗಿದ ಮೇಲೆ ಅವನು ಎಲೆ ಅಡಿಕೆ ಹಿಡಿದುಕೊಂಡು ಬಂದು "ತಪ್ಪಾತಬೇ" ಎನ್ನಬೇಕು. ಆಕೆ ಎಲೆ ಬಾಯಿಗೆ ಹಾಕಿಕೊಂಡು "ಆತು ಬಿಡಪಾ, ಚಲೋ ಹೊಡದಿ" ಎನ್ನುತ್ತಿದ್ದಳು. ಹೊಡೆತ ಸುಳ್ಳಾದರೂ ಎಲೆ ಅಡಿಕೆ ತಪ್ಪಬಾರದು. ಎಲೆ ಅಡಿಕೆ ಕೊಡದ ಊರಿಗೆ ಆಕೆ ಮತ್ತೆ ಕಾಲಿಡುತ್ತಿರಲಿಲ್ಲ.

ಒಮ್ಮೆ ರಾಮದುರ್ಗದ ಆಚೆ ಒಂದು ಹಳ್ಳಿಯಲ್ಲಿ ಖಳನಾಯಕನ ಪಾತ್ರದ ಪೈಲ್ವಾನನೊಬ್ಬ ಜನರ ಸೀಟಿ ಕೇಳಿ ಹುರುಪಿಗೆದ್ದು ಖರೇನೇ ಬಾರಿಸಿಬಿಟ್ಟ. ತುಟಿ ಒಡೆದು ರಕ್ತ ಬಂತು. ನಾನು ತಬಲಾ ನಿಲ್ಲಿಸಿ ಎದ್ದೇಬಿಟ್ಟಿದ್ದೆ. ಆಕೆ ಕಣ್ಣಲ್ಲೇ ಕುಂದ್ರು ಅಂದಳು. ಉಳಿದ ಮಾತಷ್ಟನ್ನೂ ಹೇಳಿ, ಹಾಡನ್ನೂ ಹಾಡಿ, ಪರದೆ ಬಿದ್ದ ಮೇಲೆ ರಕ್ತ ಉಗುಳಿದಳು. "ಪರದೆ ಬೀಳೂತನಾ ಆಟ ನಿಲ್ಲಬಾರದು ಸಾಬಣ್ಣ, ಮೈಯಾಗ ಏನ ಆಗಲಿ." ಮರುದಿನ ಊರ ಹಿರಿಯರು ಆ ಪೈಲ್ವಾನನ ಕೈಗೆ ಎಲೆ ಅಡಿಕೆ ಕೊಟ್ಟು ಸವದತ್ತಿಗೆ ಆಕೆಯ ಮನೆ ಬಾಗಿಲಿಗೆ ಕಳಿಸಿದರು. ಆಕೆ ಎಲೆ ತೆಗೆದುಕೊಂಡಳು. ಆ ಊರಿನ ನಾಟಕ ಮಾತ್ರ ಮತ್ತೆ ಒಪ್ಪಿಕೊಳ್ಳಲಿಲ್ಲ.

ಇಷ್ಟೊಂದು ಕಟ್ಟುನಿಟ್ಟು ಎಲ್ಲಿಂದ ಬಂತು ಎಂದು ಕೇಳಿದರೆ ಆಕೆಯ ಸಂಸಾರದ ಕಥೆ ಹೇಳಬೇಕು. ರಾಮದುರ್ಗದ ನೇಕಾರರ ಮಗಳು. ಏಳನೆಯ ಇಯತ್ತೆಯವರೆಗೆ ಸಾಲಿ. ಹದಿನೇಳಕ್ಕೆ ಸವದತ್ತಿಗೆ ಮದುವೆ ಮಾಡಿಕೊಟ್ಟರು. ಗಂಡ ಲಾರಿ ಡ್ರೈವರ್, ಮನೆಗೆ ಬಂದಾಗಲೆಲ್ಲ ಹೊಡೆಯುತ್ತಿದ್ದ. ನಾಲ್ಕು ವರ್ಷ ತಿಂದು, ಒಂದು ದಿನ ಒಂದು ಚೀಲ ಹಿಡಿದು ನಾಟಕ ಕಂಪನಿಗೆ ಬಂದು ಸೇರಿದಳು. "ಖರೇ ಏಟು ಮನ್ಯಾಗ ಭಾಳ ತಿಂದೇನಿ. ಸ್ಟೇಜಿನ ಮ್ಯಾಲೂ ಅದ ಆದ್ರ ನಾ ಯಾಕ ಮನಿ ಬಿಟ್ಟು ಬರಬೇಕಾಗಿತ್ತು?" ಎಂದು ಒಮ್ಮೆ ಬಸ್ಸಿನಲ್ಲಿ ಹೇಳಿದ್ದಳು. ಆಮೇಲೆ ಆ ಮಾತು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ರಂಜನಾ ಆಕೆಯ ಕೈಗೆ ಬಂದದ್ದು ಐದು ವರ್ಷದ ಹಿಂದೆ. ಮುನವಳ್ಳಿಯ ಹುಡುಗಿ, ಆಗ ಹದಿನೆಂಟು. ತಂದೆ ಇಲ್ಲ. ತಾಯಿ ಕೃಷ್ಣವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಸಂಸಾರ ನಡೆಸುವಾಕೆ. ಹುಡುಗಿಗೆ ಹಾಡು, ಮಾತು ಎರಡೂ ಇದ್ದವು. ಕೃಷ್ಣವ್ವ ಹಿಟ್ಟಿನ ಕೈಯಲ್ಲೇ ಇಂದ್ರವ್ವನ ಕೈ ಹಿಡಿದು, "ನಾಟಕದ ಮಂದಿ ಅಂದ್ರ ಊರು ಏನೇನೋ ಅಂತೈತ್ರಿ ಅಕ್ಕಾರ. ನಿಮ್ಮ ಮಾರಿ ನೋಡಿ ನಿಮ್ಮ ಕೈಯಾಗ ಕೊಡಾಕತ್ತೇನಿ" ಎಂದಿದ್ದಳು. ಇಂದ್ರವ್ವ ಆ ಹುಡುಗಿಗೆ ಎಲ್ಲ ಕಲಿಸಿದಳು. ಕತ್ತು ಹೊರಳಿಸುವುದನ್ನು ಕಲಿಸಿದಳು, ಎಲೆ ಅಡಿಕೆ ಕೇಳಿ ತೆಗೆದುಕೊಳ್ಳುವುದನ್ನು ಕಲಿಸಿದಳು. ಪರದೆ ಬೀಳುವವರೆಗೆ ಆಟ ನಿಲ್ಲಿಸಬಾರದು ಎಂಬುದನ್ನೂ ಕಲಿಸಿದಳು. ಆ ಕೊನೆಯದನ್ನು ಕಲಿಸದಿದ್ದರೆ ಚಲೋ ಆಗುತ್ತಿತ್ತು.

ಇನ್ನು ಯುವರಾಜನ ಮಾತು. ಕಿತ್ತೂರು ಕಡೆಯ ಹುಡುಗ, ಮೂವತ್ತೈದರ ಪ್ರಾಯ. ಬೆಂಗಳೂರಿಗೆ ಹೋಗಿ ಸಣ್ಣ ಸಣ್ಣ ಚಿತ್ರ ತೆಗೆದು ಅಲ್ಲಿ ಇಲ್ಲಿ ಬಹುಮಾನ ಪಡೆದಿದ್ದ. ಈಗ ದೊಡ್ಡ ಸಿನಿಮಾ ತೆಗೆಯುತ್ತೇನೆ, ನಮ್ಮ ಊರು, ನಮ್ಮ ಮಾತು, ನಮ್ಮ ಮಂದಿಯೇ ಇರಬೇಕು ಎಂದು ಬಂದ. ಸವದತ್ತಿಯ ಕಾಂತೇಶ ಎಂಬವನು ಅವನಿಗೆ ಮ್ಯಾನೇಜರು. ಅವನೇ ನಮ್ಮನ್ನೆಲ್ಲ ಕೂಡಿಸಿದ. ಇಂದ್ರವ್ವ ಅತ್ತೆ, ರಂಜನಾ ಸೊಸೆ. ನನ್ನದು ಕಟ್ಟೆಯ ಮೇಲೆ ಕುಳಿತ ಮುದುಕನ ಪಾತ್ರ, ಆಮೇಲೆ ಹಿನ್ನೆಲೆಗೆ ತಬಲಾ. ಉಗರಗೋಳದಲ್ಲಿ ಒಂದು ಹಳೆಯ ಕಲ್ಲಿನ ಮನೆ ಹಿಡಿದಿದ್ದರು.

ಮೊದಲ ದಿನ ಯುವರಾಜ ಇಂದ್ರವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನನ್ನನ್ನು "ಉಸ್ತಾದ್" ಎಂದು ಕರೆದ. ನಲವತ್ತು ವರ್ಷ "ಏ ತಬಲಾ" ಎಂದು ಕರೆಸಿಕೊಂಡವನು ನಾನು. ಆ ಒಂದು ಮಾತಿಗೆ ಕರಗಿಬಿಟ್ಟೆ. ಈಗ ನೆನೆದರೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ನಾಲ್ಕನೆಯ ದಿನದಿಂದ ಅವನ ನಿಜ ಬಣ್ಣ ಹೊರಬಂತು. ಸಿನಿಮಾದ ಸೊಸೆ ಬಿಸಿಲಲ್ಲಿ ಜೋಳ ಕುಟ್ಟಿ ಬಳಲಬೇಕಿತ್ತು. ರಂಜನಾಳನ್ನು ಹತ್ತು ಗಂಟೆಗೇ ಅಂಗಳದಲ್ಲಿ ಕೂರಿಸಿ, ಎರಡು ಗಂಟೆಯವರೆಗೆ ನೀರು ಕೊಡಬೇಡಿ ಎಂದ. "ಬಳಲಿಕಿ ನಟನಾ ಮಾಡಬಾರದು, ಬಳಲಬೇಕು" ಎಂದು ಎಲ್ಲರ ಮುಂದೆ ಉಪದೇಶ. ಇಂದ್ರವ್ವ ಒಂದು ಚಂಬು ನೀರು ಹಿಡಿದು ಹೊರಟಾಗ ಮೈಕಿನಲ್ಲೇ ಕೂಗಿದ: "ಏ, ಆ ನಾಟಕದಾಕಿನ ಈ ಕಡೆ ಕರೀರೋ! ಇದೇನು ನಿಮ್ಮ ಹಳ್ಳಿ ಸ್ಟೇಜಲ್ಲ." ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇಂದ್ರವ್ವ ಚಂಬು ಹಿಡಿದು ವಾಪಸು ಬಂದಳು.

ಆಮೇಲೆ ರಂಜನಾಳ ಫೋನು ಇಸಿದುಕೊಂಡ. ಯೂನಿಟ್ಟಿನವರು ಯಾರೂ ಅವಳೊಂದಿಗೆ ಮಾತಾಡಬಾರದು, ಸೊಸೆ ಒಂಟಿಯಾಗಿದ್ದಾಳೆ, ಹುಡುಗಿಯೂ ಒಂಟಿಯಾಗಿರಲಿ ಎಂದ. ಒಂದು ಮಾತು ತಪ್ಪಿದರೆ "ದನಾ ಕಾಯೂ ಮಾರಿ ನಿಂದು" ಎನ್ನುವುದು, ಅತ್ತರೆ "ಹಾಂ, ಹಿಂಗ ಅಳು, ಕ್ಯಾಮೆರಾ ತಿರುಗಿಸ್ರಿ" ಎನ್ನುವುದು. ಹುಡುಗಿ ಮೂರು ದಿನದಲ್ಲಿ ಬಾಡಿಹೋದಳು. ಮಧ್ಯಾಹ್ನದ ಊಟಕ್ಕೆ ಒಬ್ಬಳೇ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ನಾವು ಐವತ್ತು ಮಂದಿ ಇದ್ದೆವು ಅಲ್ಲಿ, ಒಬ್ಬನೂ ಬಾಯಿ ತೆರೆಯಲಿಲ್ಲ. ನಮ್ಮ ಹುಡುಗ ಸಿನಿಮಾ ಮಾಡುತ್ತಿದ್ದಾನೆ, ನಮ್ಮ ಊರು ತೆರೆಯ ಮೇಲೆ ಬರುತ್ತದೆ, ಇದೆಲ್ಲ ಸಿನಿಮಾದ ರೀತಿಯೇ ಇರಬೇಕು ಎಂದು ನಮಗೆ ನಾವೇ ಹೇಳಿಕೊಂಡೆವು. ಥೂ ನಮ್ಮ ಜನ್ಮಕ್ಕೆ.

ಇಂದ್ರವ್ವ ಯಾಕೆ ಸುಮ್ಮನಿದ್ದಳು? ಆಕೆಗೊಂದು ಆಸೆಯಿತ್ತು. ನಾಟಕದಾಕಿ, ನಾಟಕದಾಕಿ ಎಂದು ಮೂವತ್ತು ವರ್ಷ ಮೂಗು ಮುರಿಸಿಕೊಂಡವಳು. ಬಾಡಿಗೆ ಮನೆ ಕೇಳಲು ಹೋದರೆ ಬಾಗಿಲು ಹಾಕಿಸಿಕೊಂಡವಳು. ಒಮ್ಮೆ ಸಿನಿಮಾದಲ್ಲಿ ಮುಖ ಬಂದರೆ ಆ ಬಾಯಿಗಳೆಲ್ಲ ಮುಚ್ಚುತ್ತವೆ ಎಂದುಕೊಂಡಿದ್ದಳು. "ಐವತ್ಮೂರ ವರ್ಷಕ್ಕ ಬಂದೈತಿ ಸಾಬಣ್ಣ, ಇನ್ನೊಮ್ಮೆ ಬರಂಗಿಲ್ಲ" ಎಂದಿದ್ದಳು. ಆಸೆ ಪಡುವುದು ತಪ್ಪಲ್ಲ. ಆ ಆಸೆ ಎಲ್ಲಿದೆ ಎಂದು ಯುವರಾಜನಿಗೆ ಗೊತ್ತಾಗಿಬಿಟ್ಟಿತ್ತು, ತಪ್ಪಾದದ್ದು ಅಲ್ಲಿ.

ಭಾರತ ಹುಣ್ಣಿಮೆ ಇನ್ನೆರಡು ದಿನವಿತ್ತು. ದೇವಿಯ ಜಾತ್ರೆಗೆಂದು ಗುಡ್ಡಕ್ಕೆ ಹೋಗುವ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಓಣಿಯ ತುದಿಯಲ್ಲಿ ಹಾಯುತ್ತಿದ್ದವು. ಅವತ್ತು ಅತ್ತೆ ಸೊಸೆಯ ಕಪಾಳಕ್ಕೆ ಹೊಡೆಯುವ ಸೀನು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದೆ.

ಇಂದ್ರವ್ವ ತನ್ನ ರೀತಿಯಲ್ಲೇ ಬೀಸಿದಳು. ರಂಜನಾ ಕತ್ತು ಹೊರಳಿಸಿದಳು. ನನ್ನ ಎಡಗೈ ತಾನಾಗಿಯೇ ಮೊಣಕಾಲಿನ ಮೇಲೆ ಬಿತ್ತು, ಅಭ್ಯಾಸಬಲ. "ಕಟ್! ಏನ್ರೀ ಇದು, ಸೊಳ್ಳಿ ಹೊಡಿಯಾಕತ್ತೀರೇನು?" ಎಂದ ಯುವರಾಜ. ಇನ್ನೊಮ್ಮೆ ತೆಗೆದರು. ಮತ್ತೊಮ್ಮೆ ತೆಗೆದರು. ಏಳು ಸಲ ಆಯಿತು. ಏಳನೆಯ ಸಲ ಅವನು ತಲೆಯ ಟೋಪಿ ತೆಗೆದು ನೆಲಕ್ಕೆ ಬಡಿದ. "ಮೂವತ್ತು ವರ್ಷ ಏನ್ ಕಲ್ತೀರಿ? ಆ ಕೈಯಾಗ ಜೀವಾನ ಇಲ್ಲ. ನಾಟಕದವರನ್ನ ತಗೋಬ್ಯಾಡ ಅಂತ ಬೆಂಗಳೂರಾಗ ಎಲ್ಲಾರೂ ಹೇಳಿದ್ರು. ಕಾಂತೇಶ, ಈ ಪಾರ್ಟಿಗೆ ಬೇರೆ ಯಾರರ ಅದಾರೇನು ನೋಡು."

ಇಂದ್ರವ್ವನ ಮುಖ ಕಪ್ಪಿಟ್ಟಿತು. ಅವನು ರಂಜನಾಳ ಹತ್ತಿರ ಹೋಗಿ ಏನೋ ಪಿಸುಗುಟ್ಟಿದ. ಆಮೇಲೆ ಇಂದ್ರವ್ವನನ್ನು ನಾನಿದ್ದ ಕಂಬದ ಹತ್ತಿರ ಕರೆತಂದ. ನಾನು ಅವನ ಕಣ್ಣಿಗೆ ಲೆಕ್ಕಕ್ಕೇ ಇರಲಿಲ್ಲ, ಹೀಗಾಗಿ ಮಾತು ಪೂರ್ತಿ ಕೇಳಿದೆ. "ಅಕ್ಕಾರ, ಆಕೀನ ಹೇಳ್ಯಾಳ್ರಿ, ಖರೇನ ಹೊಡೀರಿ ಅಂತ. ನಿಮಗ ಹೇಳಾಕ ನಾಚಿಕಿ ಅಂತ. ಜಾಡಿಸಿ ಒಂದ ಬಿಡ್ರಿ. ಜವಾಬ್ದಾರಿ ನಂದು."

ಇಂದ್ರವ್ವ ಹುಡುಗಿಯ ಕಡೆ ನೋಡಿದಳು. ನಡುವೆ ಹದಿನೈದು ಹೆಜ್ಜೆ ಇರಬಹುದು. ಹೋಗಿ ಕೈ ಹಿಡಿದು "ಹೌದೇನವ್ವ?" ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಮೂವತ್ತು ವರ್ಷದಲ್ಲಿ ಕೇಳದೆ ಒಬ್ಬರಿಗೂ ಕೈ ಎತ್ತಗೊಡದವಳು ಅವತ್ತು ಕೇಳಲಿಲ್ಲ. ನಾನೂ "ಕೇಳಬೇ ತಂಗಿ" ಎನ್ನಲಿಲ್ಲ. ಕಂಬಕ್ಕೆ ಒರಗಿದವನು ಒರಗಿಯೇ ಇದ್ದೆ.

ಎಂಟನೆಯ ಸಲ ಆಕೆಯ ಕೈ ಬಿತ್ತು. ಆ ಸಪ್ಪಳ ನನ್ನ ಡಗ್ಗಾದ್ದಲ್ಲ. ಡಗ್ಗಾದ ಸಪ್ಪಳ ಅಂಗಳ ತುಂಬುತ್ತದೆ, ಇದು ಸಣ್ಣದು, ಒಣಕಲು, ಅಲ್ಲೇ ಸತ್ತುಹೋಯಿತು. ಓಣಿಯ ತುದಿಯಲ್ಲಿ ಯಾವುದೋ ಟ್ರ್ಯಾಕ್ಟರಿನ ಹಾಡು ಅದರ ಮೇಲೇ ಹಾಯ್ದುಹೋಯಿತು.

ರಂಜನಾ ಎರಡು ಹೆಜ್ಜೆ ತಡವರಿಸಿದಳು. ಆಮೇಲೆ ನಿಂತು, ತನ್ನ ಮಾತು ಒಂದೂ ಬಿಡದೆ ಹೇಳಿದಳು. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಮಾತು ಮಾತ್ರ ನಿಲ್ಲಲಿಲ್ಲ. ಕಲಿಸಿದ್ದು ಹಾಗೆ. ಯುವರಾಜ ಚಪ್ಪಾಳೆ ತಟ್ಟಿ, "ಇದು! ಇದು ಬೇಕಾಗಿತ್ತು ನನಗ!" ಎಂದು ಕುಣಿದ. ಅದೇ ಮುಖ ಹತ್ತಿರದಿಂದ ಬೇಕೆಂದು ಆಮೇಲೆ ಇನ್ನೂ ಎರಡು ಸಲ ಅವಳ ಮಾತು ಹೇಳಿಸಿದ. ಅವಳು ಹೇಳಿದಳು.

ಊಟದ ಹೊತ್ತಿಗೆ ಇಂದ್ರವ್ವ ಅವಳ ಹತ್ತಿರ ಹೋಗಿ ಕುಳಿತಳು. ರಂಜನಾ ಎಡಗಿವಿಗೆ ಸೆರಗು ಒತ್ತಿ ಹಿಡಿದಿದ್ದಳು.

"ಕಿವ್ಯಾಗ ಗುಂಯ್ ಅಂತೈತ್ರಿ ಅಕ್ಕಾರ."

"ನೀನ ಅಂದಿಯಂತಲ್ಲವ್ವ, ಖರೇ ಹೊಡೀರಿ ಅಂತ?"

"ನಾನ? ಯಾವಾಗ್ರಿ? ಈ ಸಲಾನೂ ಗಾಳ್ಯಾಗ ಬೀಸ್ತಾರ, ನೀ ಕತ್ತು ಜರಾ ತಡಾ ಮಾಡಿ ಹೊರಳಿಸು ಅಂತ ಸರ್ ಅಂದ್ರು ನನಗ."

ಇಂದ್ರವ್ವ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಹಾಕಿ ಎದ್ದಳು. ಸೆರಗು ತೆಗೆದು ನೋಡಿದರೆ ಕಿವಿಯಿಂದ ನೀರಿನಂಥದ್ದು, ಅದರಲ್ಲಿ ಒಂದು ಎಳೆ ರಕ್ತ. ಅವತ್ತೇ ಕಾರು ಮಾಡಿಕೊಂಡು ಧಾರವಾಡಕ್ಕೆ ಒಯ್ದೆವು. ಕಿವಿಯ ತಮಟೆ ಹರಿದಿದೆ, ತೂತು ದೊಡ್ಡದು, ತಾನಾಗಿ ಕೂಡಬಹುದು, ಕೂಡದೆಯೂ ಇರಬಹುದು, ಎರಡು ಮೂರು ತಿಂಗಳು ನೋಡಿ ಆಪರೇಷನ್ ಮಾಡಬೇಕಾದೀತು ಎಂದರು ಡಾಕ್ಟರು. ದಾರಿಯುದ್ದಕ್ಕೂ ಇಂದ್ರವ್ವ ತನ್ನ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

ಮರುದಿನ ಎಲೆ ಅಡಿಕೆ ಕಟ್ಟಿಕೊಂಡು ಮುನವಳ್ಳಿಗೆ ಹೋದಳು. ಕೃಷ್ಣವ್ವ ಬಾಗಿಲಲ್ಲೇ ನಿಂತಳು. ಬೈಯಲಿಲ್ಲ. "ನಿಮ್ಮ ಕೈಯಾಗ ಕೊಟ್ಟಿದ್ದೆ ನಾ" ಎಂದು ಒಂದೇ ಮಾತು ಹೇಳಿ ಬಾಗಿಲು ಮುಂದಕ್ಕೆಳೆದುಕೊಂಡಳು. ಇಂದ್ರವ್ವ ಎಲೆ ಅಡಿಕೆಯನ್ನು ಹಾಗೇ ವಾಪಸು ತಂದಳು.

ಕೃಷ್ಣವ್ವ ಠಾಣೆಗೆ ಅರ್ಜಿ ಕೊಟ್ಟಳು, ಡೈರೆಕ್ಟರು ನನ್ನ ಮಗಳಿಗೆ ಹೊಡೆಸಿದ ಎಂದು. ಯುವರಾಜ ಕೈ ತೊಳೆದುಕೊಂಡ. "ನಾ ಆ ಹುಡುಗಿನ್ನ ಮುಟ್ಟಿಲ್ಲ. ವಯಸ್ಸಾದ ಕಲಾವಿದೆ, ಹುರುಪಿನ್ಯಾಗ ಕೈ ತಪ್ಪಿ ಬಿತ್ತು" ಎಂದ. ಎರಡು ದಿನ ಬಿಟ್ಟು ಕಾಂತೇಶ ಇಂದ್ರವ್ವನ ಮನೆಗೆ ಬಂದು ಬೆಣ್ಣೆ ಹಚ್ಚಿದ. "ಕೈ ತಪ್ಪಿ ಬಿತ್ತು ಅಂತ ನೀವೂ ಅಂದಬಿಡ್ರಿ ಅಕ್ಕಾರ. ಯಾರಿಗೂ ಏನೂ ಆಗಂಗಿಲ್ಲ. ಪೋಸ್ಟರದಾಗ ನಿಮ್ಮ ಹೆಸರು ಮೊದಲ ಬರತೈತಿ. ಬ್ಯಾರೆ ಏನರ ಹೇಳಾಕ ಹೋದ್ರ ನೋಡ್ರಿ, ಹೊಡದವರು ನೀವು. ಜೈಲು ಕಂಡಾಕಿನೂ ನೀವ ಆಗ್ತೀರಿ."

ಅವನು ಹೋದ ಮೇಲೆ ಆಕೆ ನನಗೆ ಫೋನು ಮಾಡಿದಳು. "ಏನ್ ಮಾಡ್ಲಿ ಸಾಬಣ್ಣ?"

ಇಲ್ಲಿ ನಾನು ಮುಚ್ಚಿಡುವುದಿಲ್ಲ. "ಹಂಗ ಅಂದಬಿಡಬೇ. ಎಲ್ಲಾರಿಗೂ ಚಲೋ" ಎಂದೆ ನಾನು. ಠಾಣೆ, ಸಾಕ್ಷಿ ಎಂದರೆ ನನಗೆ ಹೆದರಿಕೆ. ಆಕೆ "ಆತು" ಎಂದು ಫೋನು ಇಟ್ಟಳು.

ಅದಾದ ವಾರಕ್ಕೆ ನನ್ನ ಫೋನು ಮತ್ತೆ ಬಡಿಯಿತು. ಕಾಂತೇಶ. "ಉಸ್ತಾದ್, ಒಂದ ಸಣ್ಣ ಕೆಲಸ ಐತ್ರಿ. ಆ ಕಪಾಳದ ಸೀನು ಭಾರೀ ಬಂದೈತಿ. ಸಪ್ಪಳ ಒಂದ ಕೆಟ್ಟೈತ್ರಿ, ಹೊರಗಿನ ಟ್ರ್ಯಾಕ್ಟರ್ ಹಾಡು ಅದರಾಗ ಸೇರಕೊಂಡೈತಿ. ಹೆಂಗಿದ್ರೂ ಸಪ್ಪಳ ಎಲ್ಲಾ ಆಮ್ಯಾಲ ಹಾಕೂದನ ಬಿಡ್ರಿ. ನಾಟಕದಾಗ ನೀವು ಡಗ್ಗಾದ ಮ್ಯಾಲ ಕಪಾಳದ ಸಪ್ಪಳಾ ತೆಗೀತೀರಂತಲ್ಲ, ಅದು ಬೇಕಂತ ಸರ್‌ಗ. ಹುಬ್ಬಳ್ಳಿ ಸ್ಟುಡಿಯೋಕ್ಕ ಬಂದು ಒಂದ ಏಟು ಬಾರಿಸಿ ಹೋಗ್ರಿ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಹುಡುಗಿಯ ಕಿವಿ ಹರಿದು ಪಡೆದ ಸಪ್ಪಳ ಅವರಿಗೆ ಬೇಡವಂತೆ. ನನ್ನ ಡಗ್ಗಾ ಬೇಕಂತೆ. ಮೊದಲ ಸಲವೇ ಆಕೆ ಗಾಳಿಯಲ್ಲಿ ಬೀಸಿದ್ದಳಲ್ಲ, ಹುಡುಗಿ ಕತ್ತು ಹೊರಳಿಸಿದ್ದಳಲ್ಲ, ನಾನು ಅಲ್ಲೇ ಕಂಬದ ಬುಡಕ್ಕೆ ಕುಳಿತಿದ್ದೆನಲ್ಲ! "ಏ ಕಾಂತೇಶ, ನಿನ್ನ ಸರ್‌ನ ಗಲ್ಲಾ ತಗೊಂಬಾ, ಅದರ ಮ್ಯಾಲ ಬಾರಸ್ತೇನಿ" ಎಂದು ಕೂಗಿ ಫೋನು ಇಟ್ಟೆ. ಮಹೇಕ್ ಹೆದರಿ ಒಳಗಿನಿಂದ ಓಡಿಬಂದಳು.

ಮುಂದಿನ ಬಸ್ಸಿಗೇ ಸವದತ್ತಿಗೆ ಹೋದೆ. ಇಂದ್ರವ್ವ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕಾಂತೇಶ ಹೇಳಿದ್ದನ್ನು ಅಷ್ಟೂ ಹೇಳಿದೆ. ಆಕೆಯ ಕೈ ನಿಂತಿತು.

"ಅಂದ್ರ ಆ ಏಟು ಯಾತಕ್ಕೂ ಬೇಕಾಗಿದ್ದಿಲ್ಲ."

"ಇಲ್ಲಬೇ."

"ಆಕಿ ಕಿವಿ ಸುಮ್ಮನ ಹೋತು."

ಆಕೆ ಅತ್ತಳು. ಇಷ್ಟು ವರ್ಷದಲ್ಲಿ ಸ್ಟೇಜಿನ ಮೇಲೆ ದಿನಕ್ಕೆರಡು ಸಲ ಅಳುವುದನ್ನು ನೋಡಿದ್ದೆ, ಇದು ಹಾಗಿರಲಿಲ್ಲ. ಮೂಗು ಸೋರುತ್ತಿತ್ತು, ಬಾಯಿ ವಕ್ರವಾಗಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಅತ್ತು ಮುಗಿದ ಮೇಲೆ, "ನಾಳೆ ಠಾಣೆಕ್ಕ ಕರದಾರ. ನನ್ನ ಜೋಡಿ ಬರ್ತಿಯೇನಣ್ಣ?" ಎಂದಳು.

"ಬರತೇನಿ. ಆದ್ರ ನೀ ಖರೇ ಹೇಳಿದ್ರ ನೀನ ಸಿಕ್ಕೊಂತಿ."

"ಸಿಕ್ಕೊಂಡು ಹದಿನೈದು ದಿನ ಆತು."

ಮರುದಿನ ಹನ್ನೊಂದಕ್ಕೆ ಹೋದೆವು. ಠಾಣೆಯಲ್ಲಿ ಹೆಣ್ಣುಮಗಳು ಪಿಎಸ್ಐ. ಒಂದು ಕಡೆ ಕುರ್ಚಿಯಲ್ಲಿ ಯುವರಾಜ, ಅವನ ಹಿಂದೆ ಕಾಂತೇಶ. ಇನ್ನೊಂದು ಕಡೆ ಬೆಂಚಿನ ಮೇಲೆ ಕೃಷ್ಣವ್ವ, ರಂಜನಾ. ಹುಡುಗಿಯ ಎಡಗಿವಿಯಲ್ಲಿ ಹತ್ತಿ ಇತ್ತು. ಇಂದ್ರವ್ವನನ್ನು ಕಂಡೊಡನೆ ತಲೆ ಕೆಳಗೆ ಹಾಕಿದಳು.

"ಕೈ ತಪ್ಪಿ ಬಿತ್ತು ಅಂತ ಇವರು ಬರಕೊಟ್ಟಾರ. ನೀವು ಏನಂತೀರಿ?" ಎಂದರು ಪಿಎಸ್ಐ.

ಇಂದ್ರವ್ವ ನಿಂತೇ ಹೇಳಿದಳು. "ಇಲ್ರಿ ಮೇಡಮ್ಮಾರ. ಕೈ ತಪ್ಪಿಲ್ಲ. ಮೂವತ್ತು ವರ್ಷದಾಗ ನನ್ನ ಕೈ ತಪ್ಪಿಲ್ಲ. ನಾ ಹೊಡೀಬೇಕಂತನ ಹೊಡದೇನಿ. ಇವರು ಹೊಡಿ ಅಂದ್ರು, ಆಕಿ ಒಪ್ಯಾಳ ಅಂದ್ರು, ಜವಾಬ್ದಾರಿ ನಂದು ಅಂದ್ರು. ನಾ ಆಕಿನ್ನ ಕೇಳಲಿಲ್ಲ. ಬರಕೋರಿ. ಮೊದಲ ನನ್ನ ಹೆಸರ ಬರೀರಿ. ಆಮ್ಯಾಲ ಇವರದು."

ಯುವರಾಜ ಎದ್ದುಬಿಟ್ಟ. "ಏನ್ ಅಕ್ಕಾರ, ಇಲ್ಲೂ ನಾಟಕ ಹಚ್ಚೀರಿ?"

"ಹೌದಪಾ, ನಾ ನಾಟಕದಾಕಿ. ನಾಟಕದಾಗ ಹೊಡಿಯೂಕಿಂತ ಮೊದಲ ಕೇಳತೇವಿ, ಹೊಡದ ಮ್ಯಾಲ ತಪ್ಪಾತು ಅಂತೇವಿ. ನಿನ್ನ ಕಡೆ ಬಂದು ಎರಡೂ ಮರತೆ. ನನ್ನ ತಪ್ಪು ನಾ ಹೇಳೇನಿ. ನಿಂದು ನೀ ಹೇಳು."

ಅವನು ಕುರ್ಚಿಗೆ ಮರಳಿ ಕುಳಿತ. ಪಿಎಸ್ಐ ನನ್ನ ಕಡೆ ತಿರುಗಿದರು. ಕಂಬದ ಹತ್ತಿರ ಕೇಳಿದ್ದನ್ನು ಅಕ್ಷರ ಬಿಡದೆ ಹೇಳಿದೆ. ಕಾಂತೇಶನ ಫೋನಿನ ಮಾತನ್ನೂ ಹೇಳಿದೆ. ಅವರು ಎಲ್ಲವನ್ನೂ ಬರೆದುಕೊಂಡರು. ಮೊದಲು ಇಂದ್ರವ್ವ, ಎರಡನೆಯದು ಯುವರಾಜ. ಆಕೆ ಓದಿಸಿ ಕೇಳಿ ಸಹಿ ಹಾ‌ಕಿದಳು.

ಆಮೇಲೆ ಚೀಲದಿಂದ ಎಲೆ ಅಡಿಕೆ ತೆಗೆದಳು. ಬೆಂಚಿನ ಹತ್ತಿರ ಹೋಗಿ, ರಂಜನಾಳ ಮಗ್ಗುಲಲ್ಲಿ ಬಾಗಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ, "ತಪ್ಪಾತವ್ವ" ಎಂದಳು.

ರಂಜನಾ ತಲೆ ಎತ್ತಲಿಲ್ಲ. ಕೈಯನ್ನೂ ಚಾಚಲಿಲ್ಲ. ಇಂದ್ರವ್ವ ಹಾಗೇ ಬಾಗಿ ನಿಂತಿದ್ದಳು. ಕಾಂತೇಶ ಮುಸಿಮುಸಿ ನಕ್ಕ. ಹುಡುಗಿ ಒಲ್ಲೆ ಅಂದಳು ಎಂದು ನಾನೂ ತಿಳಿದೆ.

ಆಗ ಕೃಷ್ಣವ್ವ ಬಾಯಿ ತೆರೆದಳು. ಬಾಗಿಲು ಎಳೆದುಕೊಂಡ ದಿನದಿಂದ ಇಂದ್ರವ್ವನೊಂದಿಗೆ ಆಡಿದ ಮೊದಲ ಮಾತು ಅದು. "ಆ ಕಡೆ ಬರ್ರಿ ಅಕ್ಕಾರ. ಈ ಕಿವಿ ಆಕಿಗೆ ಕೇಳಸಂಗಿಲ್ಲ."

ಇಂದ್ರವ್ವ ಬೆಂಚು ಸುತ್ತಿ ಇನ್ನೊಂದು ಮಗ್ಗುಲಿಗೆ ಬಂದಳು. ನೆಲಕ್ಕೆ ಮೊಣಕಾಲೂರಿ ಕುಳಿತು, ಬಲಗಿವಿಯ ಹತ್ತಿರ ಮತ್ತೆ ಹೇಳಿದಳು.

"ತಪ್ಪಾತವ್ವ."

ರಂಜನಾ ಬೆಚ್ಚಿ ಈ ಕಡೆ ತಿರುಗಿದಳು. ಆಕೆಯ ಮುಖವನ್ನು ಬಹಳ ಹೊತ್ತು ನೋಡಿ, ಎಲೆ ಅಡಿಕೆ ಇಸಿದುಕೊಂಡಳು.

"ಕೇಳಿಸ್ತ್ರಿ ಅಕ್ಕಾರ" ಎಂದಳು.

ಅಷ್ಟೇ ಎಂದಳು. ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ನಾವು ಹೊರಗೆ ಬರುವವರೆಗೂ ಅದನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತಿದ್ದಳು.